ಪದ ಪರಿಚಯ: ಎಚ್‌ಇಎ

ಇಂಗ್ಲಿಷ್ ರೊಮ್ಯಾನ್ಸ್ ಕಾದಂಬರಿಗಳನ್ನು ಓದುವವರು ಹೊಸ ಪುಸ್ತಕ ಕೈಗೆ ಬಂದಾಗ ಕೇಳುವ ಪ್ರಶ್ನೆ ಒಂದಿದೆ: ‘ಇದರಲ್ಲಿ ಎಚ್‌ಇಎ ಇದೆಯಾ?’ ‘ಹ್ಯಾಪಿಲಿ ಎವರ್ ಆಫ್ಟರ್’ ಅನ್ನೋದರ ಮೊದಲಕ್ಷರಗಳು ಇವು. ಪ್ರೇಮಿಗಳಿಬ್ಬರೂ ಕೊನೆಗೆ ಒಂದಾಗುತ್ತಾರೆ, ಮುಂದೆಯೂ ಜೊತೆಗೇ ಇರುತ್ತಾರೆ ಎಂದು ಅರ್ಥ. ಇದರ ಜೊತೆಗೆ ಎಚ್‌ಎಫ್‌ಎನ್ ಎಂಬುದೂ ಇದೆ, ‘ಹ್ಯಾಪಿ ಫಾರ್ ನೌ’. ಸದ್ಯಕ್ಕೆ ಇಬ್ಬರೂ ಖುಷಿಯಾಗಿದ್ದಾರೆ, ಮದುವೆ ಗಿದುವೆ ಆಮೇಲೆ ನೋಡಿಕೊಳ್ಳೋಣ ಅನ್ನುವಂಥ ಮುಕ್ತಾಯ. ಇಪ್ಪತ್ತರ ಆಸುಪಾಸಿನ ಪಾತ್ರಗಳಿರುವ ಈಗಿನ ಕಥೆಗಳಿಗೆ ಇದೇ ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಅನಿಸಿಕೆ.

ಈ ಪ್ರಕಾರಕ್ಕೆ ಸುಖಾಂತ್ಯ ಕಡ್ಡಾಯ. 1980ರಲ್ಲಿ ಶುರುವಾದ ‘ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ’ ಎಂಬ ಲೇಖಕರ ಸಂಘ ರೊಮ್ಯಾನ್ಸ್ ಕಾದಂಬರಿಗೆ ಎರಡೇ ಲಕ್ಷಣ ಹೇಳಿತು. ಕಥೆಯ ನಟ್ಟನಡುವೆ ಪ್ರೇಮ ಇರಬೇಕು. ಕೊನೆ ಮನಸ್ಸು ತುಂಬಬೇಕು, ಭರವಸೆ ಕೊಡಬೇಕು. ಹಾಗಾಗಿ ಕೊನೆಯ ಅಧ್ಯಾಯದಲ್ಲಿ ನಾಯಕ ಕಾಯಿಲೆಯಿಂದ ತೀರಿಕೊಂಡರೆ ಅದು ಒಳ್ಳೆಯ ಪ್ರೇಮಕಥೆಯೇ ಇರಬಹುದು, ಆದರೆ ರೊಮ್ಯಾನ್ಸ್ ಓದುಗರು ಅದನ್ನು ತಮ್ಮದು ಅನ್ನುವುದಿಲ್ಲ. 1908ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮಿಲ್ಸ್ ಅಂಡ್ ಬೂನ್ ಪ್ರಕಾಶನದ ರೊಮ್ಯಾನ್ಸ್ ಪುಸ್ತಕಗಳನ್ನು ಬೆಂಗಳೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ತಂದು ಓದಿದವರಿಗೆ ಈ ನಂಬಿಕೆ ಹೊಸದೇನಲ್ಲ.

ಕೊನೆ ಮೊದಲೇ ಗೊತ್ತಿದ್ದರೆ ಮತ್ಯಾಕೆ ಓದಬೇಕು? ತುಂಬಾ ಜನ ಹೀಗೆ ಕೇಳುತ್ತಾರೆ. ಯಕ್ಷಗಾನಕ್ಕೆ ಹೋದವರಿಗೆ ಯಾರು ಗೆಲ್ಲುತ್ತಾರೆ ಅಂತ ಗೊತ್ತಿರುತ್ತದೆ ಅಲ್ವಾ? ಆದರೂ ಬೆಳಗಿನವರೆಗೆ ಕೂರುತ್ತಾರೆ. ಇವತ್ತು ಯಾರು ಹೇಗೆ ಮಾತಾಡುತ್ತಾರೆ, ಹೇಗೆ ಕುಣಿಯುತ್ತಾರೆ ನೋಡಬೇಕು ಅವರಿಗೆ. ಇಲ್ಲೂ ಹಾಗೇ.

ಈ ಪ್ರಕಾರದಲ್ಲಿ ಮತ್ತೆ ಮತ್ತೆ ಬರುವ ಒಂದು ಸನ್ನಿವೇಶ ನೋಡಿ. ಆಫೀಸಿನಲ್ಲಿ ದಿನಾ ಕಿತ್ತಾಡುವ ಇಬ್ಬರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆ. ಜೋರು ಮಳೆ, ರಸ್ತೆ ಬಂದ್. ಹೋಟೆಲಿನಲ್ಲಿ ಉಳಿದಿರುವುದು ಒಂದೇ ರೂಮು. ಬಾಗಿಲು ತೆಗೆದರೆ ಒಂದೇ ಮಂಚ. ಓದುಗರು ಇದನ್ನು ‘ಓನ್ಲಿ ಒನ್ ಬೆಡ್’ ಅಂತಲೇ ಕರೆಯುತ್ತಾರೆ. ಅವನು ನೆಲದ ಮೇಲೆ ಮಲಗುತ್ತೇನೆ ಅನ್ನುತ್ತಾನೆ. ಬೆಳಗ್ಗೆ ಮೀಟಿಂಗಿನಲ್ಲಿ ಸೊಂಟ ಹಿಡ್ಕೊಂಡು ಕೂತ್ರೆ ನಾನೇ ಎಲ್ಲಾ ಮಾತಾಡ್ಬೇಕಾಗುತ್ತೆ ಅಂತ ಅವಳು ಗೊಣಗುತ್ತಾ, ಮಂಚದ ನಡುವೆ ದಿಂಬು ಜೋಡಿಸುತ್ತಾಳೆ. ಆ ಗೊಣಗಾಟದ ಒಳಗೆ ಏನಿದೆ ಅಂತ ಅವಳಿಗಿನ್ನೂ ಗೊತ್ತಿಲ್ಲ. ನಮಗೆ ಗೊತ್ತು. ಇವರಿಬ್ಬರೂ ಕೊನೆಗೆ ಸೇರುತ್ತಾರೆ ಅಂತ ಗೊತ್ತಿರುವುದರಿಂದಲೇ ಆ ದಿಂಬು ನೋಡಿ ನಗು ಬರುತ್ತದೆ. ಎಚ್‌ಇಎ ಇಡೀ ಪುಸ್ತಕದಲ್ಲಿ ಕೆಲಸ ಮಾಡುವುದು ಹೀಗೆ.

ಆದರೆ ಸುಖಾಂತ್ಯ ಪುಕ್ಕಟೆ ಸಿಗಬಾರದು. ಪಮೇಲಾ ರೀಜಿಸ್ ಎಂಬ ವಿಮರ್ಶಕಿ 2003ರ ತಮ್ಮ ಪುಸ್ತಕದಲ್ಲಿ ರೊಮ್ಯಾನ್ಸ್ ಕಾದಂಬರಿಗೆ ಬೇಕಾದ ಎಂಟು ಅಂಶಗಳನ್ನು ಗುರುತಿಸಿದರು. ಇನ್ನು ಇವರು ಒಂದಾಗೋದು ಸಾಧ್ಯವೇ ಇಲ್ಲ ಅನ್ನಿಸುವ ಗಳಿಗೆ ಅವುಗಳಲ್ಲಿ ಒಂದು. ಜೇನ್ ಆಸ್ಟಿನ್ ಬರೆದ 1813ರ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ನಾಯಕಿ ಎಲಿಜಬೆತ್‌ಗೆ ನಾಯಕ ಡಾರ್ಸಿಯ ಮೇಲೆ ಮನಸ್ಸು ಮೂಡುವ ಹೊತ್ತಿಗೆ ಅವಳ ತಂಗಿ ಲಿಡಿಯಾ, ಡಾರ್ಸಿಗೆ ಕಂಡರಾಗದ ವಿಕ್‌ಹ್ಯಾಮ್ ಜೊತೆ ಓಡಿಹೋಗುತ್ತಾಳೆ. ಇಂಥ ಮನೆಯ ಸಂಬಂಧ ಅವನಿಗಿನ್ನು ಯಾಕೆ ಬೇಕು ಅಂತ ಎಲಿಜಬೆತ್ ಆಸೆಯನ್ನೇ ಬಿಡುತ್ತಾಳೆ. ಈಗಿನ ಓದುಗರ ಬಾಯಲ್ಲಿ ಇಂಥದ್ದು ‘ಥರ್ಡ್ ಆಕ್ಟ್ ಬ್ರೇಕಪ್’. ಸಾಮಾನ್ಯವಾಗಿ ಪುಸ್ತಕದ ಮುಕ್ಕಾಲು ಭಾಗ ದಾಟುವಾಗ ಬರುತ್ತದೆ.

ಕಾದಂಬರಿ ಗಟ್ಟಿಯೋ ಜಳ್ಳೋ ಅಂತ ನಾನು ನೋಡುವುದು ಇಲ್ಲೇ. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿದ್ದ ತಪ್ಪು ತಿಳಿವಳಿಕೆಯನ್ನು ಐವತ್ತು ಪುಟ ಎಳೆದರೆ ಕೊನೆಯ ಮಿಲನ ಸಪ್ಪೆಯಾಗುತ್ತದೆ. ‘ನನ್ನನ್ನು ಎಲ್ಲರೂ ಬಿಟ್ಟುಹೋಗುತ್ತಾರೆ’ ಅನ್ನೋ ಭಯ ಅವಳಲ್ಲಿ ಮೊದಲ ಅಧ್ಯಾಯದಿಂದಲೇ ಇದ್ದು, ಅದೇ ಭಯಕ್ಕೆ ಅವಳೇ ಮೊದಲು ದೂರ ಹೋದರೆ? ಆಗ ಅವಳು ವಾಪಸ್ ಬರುವಾಗ ಕಣ್ಣು ಒದ್ದೆಯಾಗುತ್ತದೆ. ಹಗುರವಾದ ಕಥೆಗಳಲ್ಲೂ ಅಪ್ಪನ ಸಾವು, ಕೈತಪ್ಪಿದ ಕೆಲಸ, ಹಳೇ ಸಂಬಂಧದ ನೋವು ಧಾರಾಳವಾಗಿ ಬರುತ್ತವೆ. ಕೊನೆಗೆ ಒಳ್ಳೇದಾಗುತ್ತದೆ ಅನ್ನೋ ಧೈರ್ಯ ಇರುವುದರಿಂದ ಅವನ್ನೂ ನಿಧಾನವಾಗಿ, ಮನಸ್ಸಿಟ್ಟು ಓದಲು ಆಗುತ್ತದೆ.

ಹೊಸಬರು ಒಂದು ವಿಷಯ ಗಮನಿಸಿ. ಒಂದೇ ಜೋಡಿಯ ಕಥೆ ಎರಡು ಮೂರು ಭಾಗಗಳಲ್ಲಿ ಬಂದಿದ್ದರೆ, ಮೊದಲ ಭಾಗ ‘ಕ್ಲಿಫ್‌ಹ್ಯಾಂಗರ್’ನಲ್ಲಿ, ಅಂದರೆ ಕಥೆ ಅರ್ಧಕ್ಕೇ ನಿಂತು ಮುಗಿಯಬಹುದು. ಎಚ್‌ಇಎ ಸಿಗುವುದು ಕೊನೆಯ ಭಾಗದಲ್ಲಿ. ಅಂಥ ಸರಣಿಯಾದರೆ ಎಲ್ಲಾ ಭಾಗಗಳೂ ಸಿಗುತ್ತವೆಯೇ ಅಂತ ನೋಡಿಕೊಂಡೇ ಶುರು ಮಾಡಿ.