ಐಡಲ್ ಏರಿದ್ದಕ್ಕೆ ಟರ್ಬೊ ಬಿಚ್ಚಿಸಬೇಡಿ

ಪ್ರಶ್ನೆ: “ಟರ್ಬೊ ಪೆಟ್ರೋಲ್ ಕಾರು, ಪುಣೆಯಲ್ಲಿ ಹಡಪ್ಸರ್‌ನಿಂದ ಹಿಂಜವಡಿಗೆ ದಿನಾ ಓಡಾಟ. ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ಸಿಗ್ನಲ್‌ನಲ್ಲಿ ಆರ್‌ಪಿಎಂ 1,500ಕ್ಕಿಂತ ಕೆಳಗಿಳಿಯುವುದಿಲ್ಲ. ಟರ್ಬೊ ಹೋಗಿದೆ, ಬದಲಿಸಿ ಅಂತಾರೆ ಗ್ಯಾರೇಜಿನವರು. ಬದಲಿಸಲಾ ಸರ್?”

ಬೇಡ. ಇದನ್ನೇ ಬರೆದೂ ಬರೆದೂ ಸಾಕಾಗಿದೆ. ಆದರೂ ಮತ್ತೆ ಬರೆಯುತ್ತೇನೆ, ಯಾಕೆಂದರೆ ಟರ್ಬೊ ಬದಲಿಸಿದರೆ ತಿಂಗಳ ಸಂಬಳ ಕರಗುತ್ತದೆ, ಐಡಲ್ (ಕಾರು ನಿಂತಾಗಿನ ಇಂಜಿನ್ ವೇಗ) ಮಾತ್ರ ಇದ್ದಲ್ಲೇ ಇರುತ್ತದೆ.

ಟರ್ಬೊ ಎಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು. ಇಂಜಿನ್ ಹೊರಗೆ ತಳ್ಳುವ ಬಿಸಿ ಹೊಗೆಯ ರಭಸವೇ ಅದನ್ನು ತಿರುಗಿಸುವುದು. ನಿಂತ ಕಾರಿನಲ್ಲಿ ಆ ರಭಸ ಎಲ್ಲಿಂದ ಬರಬೇಕು? ಮೇಲಾಗಿ ಗಾಳಿ ಒಳಬಿಡುವ ಕವಾಟ, ಅಂದರೆ ಥ್ರಾಟಲ್, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಅದರಾಚೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಇರುವುದು ತಳ್ಳುವ ಒತ್ತಡವಲ್ಲ, ಹೀರುವ ಎಳೆತ.

ನನ್ನ ಮಾತು ಬಿಡಿ, ಕಾರಿನ ಸೆನ್ಸರ್ ಅಂಕಿ ಓದುವ ಸ್ಕ್ಯಾನರ್ ಹಾಕಿಸಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ಆನ್ ಮಾಡಿದರೆ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇಲ್ಲಿ ಸುಮಾರು 95 ಕಿಲೋಪ್ಯಾಸ್ಕಲ್ ತೋರಿಸಬೇಕು. ಅದು ಹೊರಗಿನ ಗಾಳಿಯ ಒತ್ತಡ. ಚಾಲೂ ಮಾಡಿ ಬಿಸಿಯಾಗಲು ಬಿಡಿ. ಆರೋಗ್ಯವಂತ ಇಂಜಿನ್ 700–850 ಆರ್‌ಪಿಎಂನಲ್ಲಿ ನಿಂತಾಗ ಆ ಅಂಕಿ 30–40ರ ಆಸುಪಾಸಿಗೆ ಇಳಿಯುತ್ತದೆ. ಟರ್ಬೊ ಗಾಳಿ ತುಂಬುತ್ತಿದ್ದರೆ 95 ದಾಟಬೇಕಿತ್ತು! ಐಡಲ್‌ನಲ್ಲಿ ಹಾಗೆ ದಾಟಿದ ಒಂದು ಪೆಟ್ರೋಲ್ ಕಾರನ್ನೂ ನಾನು ಕಂಡಿಲ್ಲ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಡೀಸೆಲ್‌ನಲ್ಲಿ. ಅಲ್ಲಿ ವೇಗ ನಿರ್ಧರಿಸುವುದು ಇಂಧನ. ಟರ್ಬೊ ಸೀಲ್ ಸೋರಿ ಇಂಜಿನ್ ಆಯಿಲ್ ಒಳಗೆ ನುಗ್ಗಿದರೆ ಅದೇ ಇಂಧನವಾಗಿ ಉರಿಯುತ್ತದೆ, ಕೀಲಿ ತೆಗೆದರೂ ಇಂಜಿನ್ ಅರಚುತ್ತಲೇ ಇರಬಹುದು. ಅದನ್ನು ಕಣ್ಣಾರೆ ಕಂಡ ಹಳೇ ಮಿಸ್ತ್ರಿಗಳು ಹೆದರಿದ್ದು ಸರಿಯೇ. ಪೆಟ್ರೋಲ್‌ನಲ್ಲಿ ವೇಗ ನಿರ್ಧರಿಸುವುದು ಗಾಳಿ. ಇಲ್ಲಿ ಸೀಲ್ ಸೋರಿದರೆ ನೀಲಿ ಹೊಗೆ ಬರುತ್ತದೆ, ಐಡಲ್ ಏರುವುದಿಲ್ಲ.

ನಿಮ್ಮ ಕಾರಿಗೆ ಆ ಹೆಚ್ಚಿನ ಗಾಳಿ ಬಹುಪಾಲು ಥ್ರಾಟಲ್ ತಪ್ಪಿಸಿ ಕಳ್ಳದಾರಿಯಿಂದ ನುಗ್ಗುತ್ತಿದೆ: ಬ್ರೇಕ್ ಬೂಸ್ಟರ್ ಪೈಪು, ಇಂಜಿನ್ನಿನೊಳಗಿನ ಆವಿಯನ್ನು ಮರಳಿ ಉರಿಯಲು ತರುವ ಪಿಸಿವಿ ಪೈಪು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಲ್ಲವೇ ಟ್ಯಾಂಕಿನ ಪೆಟ್ರೋಲ್ ಆವಿ ತರುವ ಪರ್ಜ್ ವಾಲ್ವ್. ಟರ್ಬೊ ಕಾರಿನಲ್ಲಿ ಈ ಪೈಪುಗಳಿಗೆ ಎರಡು ಕಡೆಯ ಪೆಟ್ಟು. ನಿಂತಾಗ ಎಳೆತ, ಆಕ್ಸಿಲರೇಟರ್ ಒತ್ತಿದಾಗ ಒತ್ತಡ, ಪಕ್ಕದಲ್ಲೇ ಟರ್ಬೊ ಕಾವು. ಪ್ಲಾಸ್ಟಿಕ್ ಬಿರಿಯುತ್ತದೆ, ಕ್ಲ್ಯಾಂಪ್ ಸಡಿಲಾಗುತ್ತದೆ. ಟರ್ಬೊ ತುಂಬುವ ಗಾಳಿ ತಣಿಸುವ ಇಂಟರ್‌ಕೂಲರ್‌ನ ಪೈಪು ಬಿರಿಯುವುದು ಬೇರೆಯೇ ಕಥೆ. ಅದು ಥ್ರಾಟಲ್‌ಗಿಂತ ಮೊದಲು ಬರುವುದರಿಂದ ಐಡಲ್ ಏರಿಸುವುದಿಲ್ಲ. ಏರಿನಲ್ಲಿ ಬುಸ್ ಎನ್ನುತ್ತದೆ, ಎಳೆಯುವ ಶಕ್ತಿ ಕುಂದುತ್ತದೆ.

ಮೊದಲು ಸ್ಕ್ಯಾನರ್‌ನಲ್ಲಿ ಕೂಲೆಂಟ್ ತಾಪ ನೋಡಿ. ಬಿಸಿ ಇಂಜಿನ್ನಿಗೆ 20 ಡಿಗ್ರಿ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಬೆಳಗಿನ ಚಳಿ ಎಂದುಕೊಂಡು ಐಡಲ್ ಏರಿಸಿದೆ. ಅದು ಸರಿಯಿದ್ದರೆ ಪರ್ಜ್ ವಾಲ್ವ್‌ನಿಂದ ಮ್ಯಾನಿಫೋಲ್ಡಿಗೆ ಹೋಗುವ ಪೈಪನ್ನು ಹಿಸುಕಿ ಹಿಡಿಯಿರಿ. ಆರ್‌ಪಿಎಂ ಇಳಿದರೆ ವಾಲ್ವ್ ಮುಚ್ಚುತ್ತಿಲ್ಲವೆಂದು ಅನುಮಾನಿಸಿ. ಇಳಿಯದಿದ್ದರೆ ಪೈಪುಗಳಿಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್. ಥ್ರಾಟಲ್ ಬಾಡಿಯನ್ನು ಈಚೆಗೆ ತೊಳೆಸಿದ್ದರೆ ಇಸಿಯುಗೆ ಥ್ರಾಟಲ್‌ನ ಮುಚ್ಚಿದ ಸ್ಥಾನವನ್ನು ಮತ್ತೆ ಕಲಿಸಿದ್ದಾರಾ ಕೇಳಿ. ಸೋರಿಕೆ ಹುಡುಕಲು ಕಾದ ಟರ್ಬೊ ಹತ್ತಿರ ಕಾರ್ಬ್ ಕ್ಲೀನರ್ ಹೊಡೆಯಲು ದಯವಿಟ್ಟು ಬಿಡಬೇಡಿ, ಬೆಂಕಿ ಹತ್ತುತ್ತದೆ.

ಐಡಲ್ ಮಾತು ಬಂತೆಂದು ಇನ್ನೊಂದು ವಿಷಯ. ಊರಿಗೆ ಹೊರಟವರು ಪುಣೆ–ಸಾತಾರಾ ಹೆದ್ದಾರಿಯ ಖಂಬಾಟ್ಕಿ ಘಾಟ್ ಜೋರಾಗಿ ಹತ್ತಿಸಿ, ಅದೇ ಬಿಸಿಯಲ್ಲಿ ಚಹಾಕ್ಕೆಂದು ನಿಲ್ಲಿಸಿ ತಟ್ಟನೆ ಕೀಲಿ ತೆಗೆಯಬೇಡಿ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗಬಲ್ಲ ಟರ್ಬೊ ಶಾಫ್ಟ್ ತೇಲುವುದು ಆಯಿಲ್ ಮೇಲೆ. ಇಂಜಿನ್ ನಿಂತರೆ ಆಯಿಲ್ ಹರಿವೂ ನಿಲ್ಲುತ್ತದೆ, ಅಲ್ಲೇ ಉಳಿದದ್ದು ಕಾವಿಗೆ ಸೀದು ಕರಿಕಟ್ಟುತ್ತದೆ. ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಹಿಂಜವಡಿ ಟ್ರಾಫಿಕ್ಕಿನಲ್ಲಿ ತೆವಳಿ ಮನೆ ಸೇರಿದ ದಿನ ಇದು ಬೇಕಿಲ್ಲ, ತೆವಳುವಾಗಲೇ ಟರ್ಬೊ ತಣಿದಿರುತ್ತದೆ.