ಬಾರ್‌ಕೋಡ್ ಯಾರ ಹೆಸರಿನಲ್ಲಿದೆ?

ಹೊಸ ಸರಕೊಂದನ್ನು ಮಾರುಕಟ್ಟೆಗೆ ತರುವವರಿಗೆ ಬಾರ್‌ಕೋಡ್‌ನ ನೆನಪಾಗುವುದು ಸಾಮಾನ್ಯವಾಗಿ ಕೊನೆಯ ಗಳಿಗೆಯಲ್ಲಿ. ಪೊಟ್ಟಣದ ವಿನ್ಯಾಸ ಮುಗಿದಿರುತ್ತದೆ, ಮುದ್ರಣಕ್ಕೆ ಕೊಡುವುದೊಂದೇ ಬಾಕಿ. ಆಗ ಹುಡುಕಲು ಕುಳಿತರೆ ಮೂರು ದಾರಿಗಳು ಕಾಣುತ್ತವೆ: ಬಹುತೇಕ ಕಡೆ ಪ್ರತಿ ವರ್ಷವೂ ಶುಲ್ಕ ಕೇಳುವ ಅಧಿಕೃತ ನೋಂದಣಿ, ಒಂದೇ ಸಲ ಸ್ವಲ್ಪ ಹಣ ಕೊಟ್ಟರೆ ‘ಶಾಶ್ವತವಾಗಿ ನಿಮ್ಮದು’ ಎನ್ನುವ ಮರುಮಾರಾಟದ ಸಂಖ್ಯೆ, ಪುಕ್ಕಟೆಯಾಗಿ ಗೆರೆ ಎಳೆದುಕೊಡುವ ಜಾಲತಾಣ. ಮೂರೂ ನೋಡಲು ಒಂದೇ. ಮೂರನ್ನೂ ಸ್ಕ್ಯಾನರ್ ಓದುತ್ತದೆ. ಹಾಗಾದರೆ ಹೆಚ್ಚು ಹಣ ಕೊಡುವುದು ಯಾವುದಕ್ಕೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾರ್ಮನ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ 1949ರಲ್ಲಿ ಅರ್ಜಿ ಹಾಕಿ 1952ರಲ್ಲಿ ಪೇಟೆಂಟ್ ಪಡೆದ ಬಾರ್‌ಕೋಡ್‌ನ ಕಲ್ಪನೆ ಲೇಸರ್ ಮತ್ತು ಅಗ್ಗದ ಕಂಪ್ಯೂಟರ್‌ಗಾಗಿ ಎರಡು ದಶಕ ಕಾಯಿತು. 1973ರ ಏಪ್ರಿಲ್‌ನಲ್ಲಿ ಅಮೆರಿಕದ ದಿನಸಿ ಉದ್ಯಮ ಐಬಿಎಂನ ಜಾರ್ಜ್ ಲಾರರ್ ರೂಪಿಸಿದ ಗೆರೆಗಳನ್ನು ಒಪ್ಪಿಕೊಂಡಿತು. ಮರುವರ್ಷ ಜೂನ್ 26ರಂದು ಒಹಾಯೊದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದು ಮೊದಲ ಬಾರಿಗೆ ಸ್ಕ್ಯಾನರ್ ದಾಟಿತು. 1977ರಲ್ಲಿ ಯುರೋಪಿನವರು 13 ಅಂಕೆಗಳ ತಮ್ಮ ವ್ಯವಸ್ಥೆ ಕಟ್ಟಿದರು. ಎರಡೂ ಕಡೆಯ ಸಂಸ್ಥೆಗಳು ಒಂದಾಗಿ 2005ರಿಂದ ಜಿಎಸ್‌1 ಎಂಬ ಹೆಸರಿನಲ್ಲಿ ನಡೆಯುತ್ತಿವೆ. ಇಂದು 110ಕ್ಕೂ ಹೆಚ್ಚು ಕಡೆ ಅದರ ಸದಸ್ಯ ಸಂಸ್ಥೆಗಳಿವೆ. ಕಂಪನಿಗಳಿಗೆ ಸಂಖ್ಯೆ ನೋಂದಾಯಿಸಿ ಕೊಡುವುದು ಅವೇ, ತಮ್ಮ ಶುಲ್ಕವನ್ನು ನಿಗದಿ ಮಾಡುವುದೂ ಅವೇ.

ಇಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದಿದೆ. ಗೆರೆಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಅವು ಕೆಳಗೆ ಅಚ್ಚಾದ ಸಂಖ್ಯೆಯನ್ನೇ ಯಂತ್ರ ಓದುವಂತೆ ಬರೆದ ರೂಪ. ನೋಂದಣಿಯಾಗುವುದು ಸಂಖ್ಯೆ. ಅದರ ಆರಂಭದ ಭಾಗ ಕಂಪನಿಗೆ ಸೇರಿದ್ದು, ನಂತರದ್ದು ಕಂಪನಿಯೇ ತನ್ನ ಸರಕಿಗೆ ಕೊಟ್ಟುಕೊಂಡದ್ದು, ಕಟ್ಟಕಡೆಯ ಅಂಕೆ ತಾಳೆ ನೋಡಲು. ಉದಾಹರಣೆಗೆ 123456789012 ಎಂದು ಸುಮ್ಮನೆ ಬರೆಯೋಣ. ಎಡದಿಂದ ಬೆಸ ಸ್ಥಾನದ ಅಂಕೆಗಳನ್ನು ಹಾಗೆಯೇ, ಸಮ ಸ್ಥಾನದವುಗಳನ್ನು ಮೂರರಿಂದ ಗುಣಿಸಿ ಕೂಡಿದರೆ 92 ಬರುತ್ತದೆ. ಮುಂದಿನ ಹತ್ತರ ಗುಣಕ 100 ಮುಟ್ಟಲು 8 ಬೇಕು, ಆದ್ದರಿಂದ ಹದಿಮೂರನೆಯ ಅಂಕೆ 8. ಇಷ್ಟು ಮಾಡಿದರೆ ಯಾವ ಸ್ಕ್ಯಾನರ್ ಆದರೂ ತಕರಾರಿಲ್ಲದೆ ಓದುತ್ತದೆ. ಸಂಖ್ಯೆ ತಪ್ಪಿಲ್ಲದೆ ಅಚ್ಚಾಗಿದೆಯೇ ಎಂದಷ್ಟೇ ಈ ಲೆಕ್ಕ ಹೇಳಬಲ್ಲದು. ಅದು ಯಾರದ್ದು ಎಂದು ಹೇಳಲು ಒಂದು ದಾಖಲೆ ಪುಸ್ತಕವೇ ಬೇಕು.

ಆ ದಾಖಲೆ ಪುಸ್ತಕದ ಮೊದಲ ಪುಟಗಳು ಬಹಳ ಉದಾರವಾಗಿದ್ದವು. ಅಮೆರಿಕದಲ್ಲಿ ಕಂಪನಿಗಳು ಒಂದೇ ಬಾರಿ ಶುಲ್ಕ ಕಟ್ಟಿ ಆರಂಭದ ಭಾಗವನ್ನು ಪಡೆಯುತ್ತಿದ್ದವು. ಸರಕಿಗಾಗಿ ಉಳಿಯುತ್ತಿದ್ದುದು ಐದು ಅಂಕೆಗಳು, ಅಂದರೆ ಒಂದೊಂದು ಕಂಪನಿಗೂ 1,00,000 ಸಂಖ್ಯೆಗಳು. ನಾಲ್ಕಾರು ಬಗೆಯ ಸರಕು ಮಾಡುವವರಿಗೂ ಅಷ್ಟೇ, ದೊಡ್ಡ ಕಾರ್ಖಾನೆಗೂ ಅಷ್ಟೇ. ಬಳಕೆಯಾದದ್ದು ಕೆಲವು, ಉಳಿದವು ಸುಮ್ಮನೆ ಬಿದ್ದಿದ್ದವು. ಸಂಖ್ಯೆಗಳಿಗೆ ಬರ ಬರಬಹುದು ಎಂಬ ಎಣಿಕೆ ಆಗ ಇರಲಿಲ್ಲ. ಕಂಪನಿಯ ಅಗತ್ಯ ನೋಡಿ ಕಡಿಮೆ ಸಂಖ್ಯೆ ಕೊಡುವ ಪದ್ಧತಿ ಬಂದದ್ದು ಆಮೇಲೆ.

2002ರಲ್ಲಿ ನಿಯಮ ಬದಲಾಯಿತು. ಇನ್ನು ಮುಂದೆ ಪ್ರತಿ ವರ್ಷವೂ ನವೀಕರಣ ಶುಲ್ಕ ಕಟ್ಟಬೇಕು ಎಂದಾಯಿತು. ಒಮ್ಮೆ ಹಣ ಕೊಟ್ಟರೆ ಮುಗಿಯಿತು ಎಂದು ನಂಬಿ ಪಡೆದವರು ಕೋರ್ಟಿಗೆ ಹೋದರು. ರಾಜಿಯಲ್ಲಿ ತೀರ್ಮಾನವಾದದ್ದು ಹೀಗೆ: ಆ ವರ್ಷದ ಆಗಸ್ಟ್ 28ಕ್ಕೆ ಮುಂಚೆ ಪಡೆದವರು ನವೀಕರಣ ಶುಲ್ಕ ಕಟ್ಟಬೇಕಿಲ್ಲ. ಹಳಬರಿಗೆ ಕೊಟ್ಟ ಮಾತು ಉಳಿಯಿತು, ಅದು ನ್ಯಾಯವೇ. ಆದರೆ ಅಂದಿನಿಂದ ಸಂಖ್ಯೆಗಳಲ್ಲಿ ಎರಡು ಜಾತಿಗಳಾದವು: ಬಾಡಿಗೆ ಇಲ್ಲದ ಹಳೆಯವು, ಬಾಡಿಗೆ ಇರುವ ಹೊಸವು. ಇಂದಿನ ಗೋಜಲಿನ ಬಹುಪಾಲು ಹುಟ್ಟಿದ್ದು ಈ ಒಡಕಿನಿಂದಲೇ ಎಂದು ನನ್ನ ಅಭಿಪ್ರಾಯ.

ಏಕೆಂದರೆ ಹಳೆಯ ಕಂಪನಿಯೊಂದು ಮುಚ್ಚಿದರೂ ಅದರ ಬಳಕೆಯಾಗದ ಸಂಖ್ಯೆಗಳಿಗೆ ಈಗ ಬೆಲೆ ಬಂದಿತ್ತು. ಅವನ್ನು ಕೊಂಡವರು ಹತ್ತು, ನೂರು ಎಂದು ಬಿಡಿಯಾಗಿ ಮಾರತೊಡಗಿದರು, ಜೊತೆಗೆ ಒಡೆತನದ ಪ್ರಮಾಣಪತ್ರವನ್ನೂ ಕೊಟ್ಟರು. ಸಂಖ್ಯೆ ನಕಲಿಯಲ್ಲ, ಒಂದು ಕಾಲದಲ್ಲಿ ಸಂಸ್ಥೆಯೇ ಕೊಟ್ಟದ್ದು. ಆದರೆ ಮೂಲ ದಾಖಲೆಯಲ್ಲಿ ಹೆಸರು ಬದಲಾಗುತ್ತಿರಲಿಲ್ಲ, ಹೀಗೆ ತುಂಡು ಮಾಡಿ ಕೊಡುವುದನ್ನು ನೋಂದಣಿ ಸಂಸ್ಥೆ ಮಾನ್ಯ ಮಾಡುವುದೂ ಇಲ್ಲ. ಮೂಲ ಬಾಡಿಗೆದಾರನ ಹೆಸರೇ ಇರುವ ಮನೆಯಲ್ಲಿ ಒಳಬಾಡಿಗೆಗೆ ಇದ್ದಂತೆ. ಅಂಗಡಿಗಳಲ್ಲಿ ಮಾತ್ರ ಮಾರುವವರೆಗೆ ಇದರಿಂದ ಹೆಚ್ಚು ತೊಂದರೆ ಆಗಲಿಲ್ಲ. ಅಂಗಡಿಯ ಕಂಪ್ಯೂಟರ್ ತನ್ನದೇ ಪಟ್ಟಿಯಲ್ಲಿ ಸಂಖ್ಯೆ ಹುಡುಕಿ ಬೆಲೆ ತೋರಿಸುತ್ತದೆ. ಬೆಲೆ ಗೆರೆಗಳಲ್ಲಿ ಇರುವುದೇ ಇಲ್ಲ. ಕೆಲವು ದೊಡ್ಡ ಮಳಿಗೆಗಳು ನೋಂದಣಿಯ ದಾಖಲೆ ಕೇಳುತ್ತಿದ್ದವು, ಬಹಳಷ್ಟು ಕಡೆ ಯಾರೂ ಕೇಳುತ್ತಿರಲಿಲ್ಲ.

ಚಿತ್ರ ಬದಲಾದದ್ದು ಆನ್‌ಲೈನ್ ಮಾರಾಟ ಬೆಳೆದ ಮೇಲೆ. ಅಲ್ಲಿ ಒಂದು ಸಂಖ್ಯೆಗೆ ಒಂದು ಪುಟ, ಆ ಪುಟಕ್ಕೆ ಎಲ್ಲ ಮಾರಾಟಗಾರರೂ ಸೇರಿಕೊಳ್ಳುತ್ತಾರೆ. ಒಂದೇ ಸಂಖ್ಯೆ ಎರಡು ಸರಕಿಗೆ ಅಂಟಿದರೆ ಇಡೀ ಪಟ್ಟಿ ಕಲಸಿಹೋಗುತ್ತದೆ. 2016ರಿಂದ ಅಮೆಜಾನ್ ಸಂಖ್ಯೆಗಳನ್ನು ಜಿಎಸ್‌1ರ ದತ್ತಾಂಶದೊಂದಿಗೆ ತಾಳೆ ನೋಡಲಾರಂಭಿಸಿತು. ಅಲ್ಲಿಯವರೆಗೆ ಹೆಚ್ಚಿನವರು ತೆರೆದು ನೋಡದಿದ್ದ ದಾಖಲೆ ಪುಸ್ತಕ ಈಗ ಪ್ರತಿಯೊಂದು ಸರಕಿಗೂ ತೆರೆಯತೊಡಗಿತು.

ಅದರ ಪೆಟ್ಟು ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮಾರಾಟಗಾರ ತನ್ನ ಬ್ರ್ಯಾಂಡ್ ಹೆಸರು, ಚಿತ್ರ, ವಿವರ ಎಲ್ಲ ತುಂಬಿ ಸಂಖ್ಯೆ ನಮೂದಿಸುತ್ತಾನೆ. ದಾಖಲೆಯಲ್ಲಿ ಆ ಸಂಖ್ಯೆ ಯಾವುದೋ ಹಳೆಯ ಕಂಪನಿಯ ಹೆಸರಿನಲ್ಲಿದೆ. ಬ್ರ್ಯಾಂಡ್ ಹೊಂದುತ್ತಿಲ್ಲ ಎಂದು ಪುಟ ತಿರಸ್ಕೃತವಾಗುತ್ತದೆ. ಇಲ್ಲವೇ ಅದೇ ಸಂಖ್ಯೆಯಲ್ಲಿ ಸಂಬಂಧವೇ ಇಲ್ಲದ ಬೇರೊಂದು ವಸ್ತುವಿನ ಪುಟ ಮೊದಲೇ ಇರುತ್ತದೆ. ಅಷ್ಟರಲ್ಲಿ ಸಾವಿರಾರು ಪೊಟ್ಟಣಗಳು ಅಚ್ಚಾಗಿರುತ್ತವೆ. ಹಳೆಯದರ ಮೇಲೆ ಹೊಸ ಚೀಟಿ ಅಂಟಿಸುವ ಖರ್ಚು, ಕಳೆದುಹೋದ ವಾರಗಳು, ಎರಡನೆಯ ಬಾರಿಯ ನೋಂದಣಿ, ಎಲ್ಲವೂ ಅವನದೇ. ನಿಯಮ ಬರೆದವರೂ ಸಂಖ್ಯೆ ಮಾರಿದವರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಇರಬಹುದು. ಆದರೂ ಸರಪಳಿಯಲ್ಲಿ ಅತಿ ಕಡಿಮೆ ಮಾಹಿತಿ ಇದ್ದವನ ಮೇಲೆಯೇ ಪೂರ್ತಿ ಭಾರ ಬೀಳುವುದು ಸರಿಯೆನಿಸುವುದಿಲ್ಲ. ಸಂಖ್ಯೆ ಕೊಳ್ಳುವ ಮೊದಲೇ ‘ಇದು ದಾಖಲೆಯಲ್ಲಿ ಯಾರ ಹೆಸರಿನಲ್ಲಿದೆ’ ಎಂದು ದೊಡ್ಡಕ್ಷರದಲ್ಲಿ ತಿಳಿಸುವ ಏರ್ಪಾಡು ಇದ್ದಿದ್ದರೆ ಎಷ್ಟೋ ಜನ ಉಳಿದುಕೊಳ್ಳುತ್ತಿದ್ದರು.

ಈಗ ಪರಿಸ್ಥಿತಿ ಸ್ವಲ್ಪ ಹಗುರಾಗಿದೆ. ‘ವೆರಿಫೈಡ್ ಬೈ ಜಿಎಸ್‌1’ ಎಂಬ ಸೇವೆಯಲ್ಲಿ ಯಾರು ಬೇಕಾದರೂ ಸಂಖ್ಯೆ ಹಾಕಿ ಹೆಸರು ನೋಡಬಹುದು. ಒಂದೆರಡೇ ಸರಕು ಇರುವವರಿಗೆ ಬಿಡಿ ಸಂಖ್ಯೆ ಕೊಡುವ ವ್ಯವಸ್ಥೆ ಕೆಲವು ಸದಸ್ಯ ಸಂಸ್ಥೆಗಳಲ್ಲಿ ಬಂದಿದೆ. ಇದು ಇಪ್ಪತ್ತು ವರ್ಷ ಮುಂಚೆಯೇ ಬರಬೇಕಿತ್ತು. ಕೈಕೆಲಸದ ವಸ್ತು, ಸಂಖ್ಯೆಯೇ ಇಲ್ಲದ ಸ್ವಂತ ಬ್ರ್ಯಾಂಡ್ ಮುಂತಾದವಕ್ಕೆ ಕೆಲವು ಆನ್‌ಲೈನ್ ಮಾರುಕಟ್ಟೆಗಳು ವಿನಾಯಿತಿ ಕೊಡುತ್ತವೆ. ಆದರೆ ಆ ವಿನಾಯಿತಿ ಅಂಗಡಿಯ ಕೌಂಟರ್‌ನಲ್ಲಿ ಕೆಲಸಕ್ಕೆ ಬಾರದು.

ಎಷ್ಟು ಸಂಖ್ಯೆ ಬೇಕು ಎಂಬ ಲೆಕ್ಕವನ್ನೂ ಮೊದಲೇ ಹಾಕಬೇಕು. ಗಾತ್ರ, ಬಣ್ಣ, ತೂಕ ಬೇರೆಯಾದರೆ ಸಂಖ್ಯೆಯೂ ಬೇರೆ. ಮೂರು ಅಳತೆ, ನಾಲ್ಕು ಬಣ್ಣದ ಒಂದು ಅಂಗಿಗೆ ಹನ್ನೆರಡು. ಬೆಲೆ ಬದಲಾದರೆ ಹೊಸದು ಬೇಡ. ಮುಂಚೆ ಸರಕು ನಿಂತು 48 ತಿಂಗಳಾದ ಮೇಲೆ ಅದರ ಸಂಖ್ಯೆಯನ್ನು ಬೇರೊಂದಕ್ಕೆ ಕೊಡಬಹುದಿತ್ತು, ಉಡುಪಿಗಾದರೆ 30 ತಿಂಗಳು. ಅಂತರ್ಜಾಲದಲ್ಲಿ ಹಳೆಯ ಪುಟಗಳು ಅಳಿಯುವುದಿಲ್ಲವಾದ್ದರಿಂದ 2019ರಿಂದ ಮರುಬಳಕೆಯನ್ನೇ ನಿಲ್ಲಿಸಲಾಗಿದೆ. ಇನ್ನು ಮೊದಲ ಮೂರು ಅಂಕೆ ನೋಡಿ ಸರಕು ಎಲ್ಲಿ ತಯಾರಾಯಿತು ಎಂದು ಹೇಳಬಹುದೆಂಬ ಸಂದೇಶಗಳು ಮೊಬೈಲ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಅದು ತಪ್ಪು. 690 ಚೀನಾದ, 400 ಜರ್ಮನಿಯ, 890 ಭಾರತದ ಸದಸ್ಯ ಸಂಸ್ಥೆ ಕೊಟ್ಟದ್ದು ಎಂದಷ್ಟೇ ಅದರ ಅರ್ಥ. ಕಾರ್ಖಾನೆ ಬೇರೆಲ್ಲೋ ಇರಬಹುದು.

ಮುಂದಿನ ಹಂತಕ್ಕೂ ಸಿದ್ಧತೆ ನಡೆದಿದೆ. 2027ರ ಕೊನೆಯ ವೇಳೆಗೆ ಅಂಗಡಿಗಳ ಸ್ಕ್ಯಾನರ್‌ಗಳು ಕ್ಯೂಆರ್‌ನಂತಹ ಚೌಕ ಸಂಕೇತಗಳನ್ನೂ ಓದುವಂತಾಗಬೇಕು ಎಂಬುದು ಜಿಎಸ್‌1ರ ಗುರಿ. ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ, ಜಾಲತಾಣದ ವಿಳಾಸ ಎಲ್ಲವೂ ಅದರಲ್ಲಿ ಹಿಡಿಸುತ್ತವೆ. ಸ್ವಂತ ಹೆಸರಿನಲ್ಲಿ ಸಂಖ್ಯೆ ಪಡೆದವರು ಇದಕ್ಕಾಗಿ ಮತ್ತೆ ಬೇರೆ ಸಂಖ್ಯೆ ಪಡೆಯಬೇಕಿಲ್ಲ, ಈಗಿನದೇ ಅದರೊಳಗೂ ಕೂರುತ್ತದೆ. ಮರುಮಾರಾಟದ ಸಂಖ್ಯೆ ಇಟ್ಟುಕೊಂಡವರ ವಿಷಯದಲ್ಲೂ ಅಷ್ಟೇ: ಗೆರೆ ಹೋಗಿ ಚೌಕ ಬಂದರೂ ದಾಖಲೆ ತೋರಿಸುವುದು ಆ ಹಳೆಯ ಕಂಪನಿಯ ಹೆಸರನ್ನೇ.