ರಾಗಿಯೋ ಗರಿಕೆಯೋ: ಫೈಟೋಲಿತ್ ವರ್ಗೀಕರಣದ ಹಿನ್ನೆಲೆ

ತಿರುಮಕೂಡಲು ನರಸೀಪುರದಲ್ಲಿ ಕಾವೇರಿ, ಕಪಿಲೆಗಳು ಕೂಡುವೆಡೆ ನವಶಿಲಾಯುಗದ ಜನ ನೆಲೆಸಿದ್ದರೆಂಬುದನ್ನು 1960ರ ದಶಕದ ಉತ್ಖನನಗಳು ತೋರಿಸಿಕೊಟ್ಟವು. ಅಂಥ ನೆಲೆಯ ಜನ ಏನು ಬೆಳೆದು ಉಣ್ಣುತ್ತಿದ್ದರೆಂಬುದನ್ನು ಮಡಕೆ, ಕಲ್ಗೊಡಲಿಗಳಷ್ಟೇ ಹೇಳಲಾರವು. ಕಾಳುಗಳು ಸಾಮಾನ್ಯವಾಗಿ ಸುಟ್ಟು ಕರಿಕಾದರೆ ಮಾತ್ರ ಉಳಿಯುತ್ತವೆ. ಬೇರು ನೀರಿನೊಡನೆ ಹೀರಿಕೊಂಡ ಸಿಲಿಕಾ ಜೀವಕೋಶಗಳಲ್ಲಿ ಗಟ್ಟಿಯಾಗಿ ರೂಪುಗೊಳ್ಳುವ ಫೈಟೋಲಿತ್ ಕಣಗಳಾದರೋ ಗಿಡ ಕೊಳೆತ ಮೇಲೂ ಸಾವಿರಾರು ವರ್ಷ ಮಣ್ಣಿನಲ್ಲಿ ಉಳಿಯಬಲ್ಲವು.

19ನೆಯ ಶತಮಾನದ ಮೊದಲರ್ಧದಲ್ಲೇ ಜರ್ಮನಿಯಲ್ಲಿ ಗುರುತಿಸಲಾಗಿದ್ದ ಈ ಕಣಗಳ ಅಧ್ಯಯನ ಸಸ್ಯವಿಜ್ಞಾನಿಗಳಿಂದ ಮಣ್ಣುವಿಜ್ಞಾನಿಗಳಿಗೂ, 1970ರ ದಶಕದಿಂದೀಚೆಗೆ ಪುರಾತತ್ತ್ವಜ್ಞರಿಗೂ ದಾಟಿಬಂತು.

ಗೋಜಲು ಹುಟ್ಟಿದ್ದು ಹೆಸರಿಡುವಲ್ಲಿ. 1969ರಲ್ಲಿ ಅಮೆರಿಕದ ಟ್ವಿಸ್ ಮತ್ತು ಸಂಗಡಿಗರು ಹುಲ್ಲಿನ ಕಣಗಳನ್ನು ನಾಲ್ಕು ವರ್ಗ, 26 ಬಗೆಗಳಾಗಿ ವಿಂಗಡಿಸಿ, ಮೂರು ವರ್ಗಗಳಿಗೆ ಹುಲ್ಲಿನ ಗುಂಪುಗಳ ಹೆಸರನ್ನೇ ಇಟ್ಟರು. ಕುದುರೆ ಜೀನಿನ ಆಕಾರದ್ದು ಕ್ಲೋರಿಡಾಯ್ಡ್, ಡಂಬೆಲ್ ಆಕಾರದ್ದು ಪ್ಯಾನಿಕಾಯ್ಡ್ ಎನಿಸಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಆದರೆ ಆಕಾರವನ್ನು ವರ್ಣಿಸಬೇಕಾದ ಹೆಸರಿನೊಳಗೆ ಗಿಡ ಯಾವುದೆಂಬ ತೀರ್ಮಾನವೂ ಸೇರಿಹೋಯಿತು. ರಾಗಿ ಕ್ಲೋರಿಡಾಯ್ಡ್ ಗುಂಪಿನದು, ನಿಜ. ಬದುವಿನ ಮೇಲಿನ ಗರಿಕೆಯೂ ಅದೇ ಗುಂಪಿನದು, ಬಿದಿರಿನಲ್ಲೂ ಜೀನಿನಾಕಾರದ ಕಣಗಳಿವೆ. ಹಾಗಿರುವಾಗ ಹಳೆಯ ಹಗೇವಿನ ಮಣ್ಣಿನಲ್ಲಿ ಅಂಥ ಕಣ ಕಂಡಮಾತ್ರಕ್ಕೆ ಅಲ್ಲಿ ರಾಗಿ ತುಂಬಿಟ್ಟಿದ್ದರೆನ್ನುವುದು ಆತುರವೇ ಸರಿ. ಭತ್ತದ ಮಾತು ಬೇರೆ: ಅದರ ಎಲೆಯ ಬೀಸಣಿಗೆಯಾಕಾರದ ಕಣವನ್ನೂ ಹೊಟ್ಟಿನ ಜೋಡಿಮೊನೆಯ ಕಣವನ್ನೂ ವಿಶೇಷವಾಗಿ ಪೂರ್ವ ಏಷ್ಯಾದ ಸಂಶೋಧಕರು ಅಳೆದು ನೋಡಿದ್ದಾರೆ. ನಮ್ಮ ಕಿರುಧಾನ್ಯಗಳಿಗೆ ಅಷ್ಟು ಗಮನ ದಕ್ಕಿಲ್ಲ.

ಒಂದೇ ಕಣಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಡುತ್ತಿದ್ದುದನ್ನು ನಿಲ್ಲಿಸಲೆಂದು 2005ರಲ್ಲಿ ಅಂತರರಾಷ್ಟ್ರೀಯ ನಾಮಕರಣ ಸಂಹಿತೆ ರೂಪುಗೊಂಡಿತು. ಆಕಾರ, ಮೇಲ್ಮೈ, ಗೊತ್ತಿದ್ದಲ್ಲಿ ಮಾತ್ರ ಅಂಗಾಂಶದ ಮೂಲ ಎಂಬ ಕ್ರಮ ಬಂತು. 2019ರ ಪರಿಷ್ಕರಣೆ 19 ಬಗೆಗಳನ್ನು ಚಿತ್ರಸಹಿತ ವಿವರಿಸಿತು. ಇದು ಸರಿಯಾದ ದಾರಿ. ಆದರೆ ಒಪ್ಪಿತ ಹೆಸರು ಕೊಟ್ಟ ಮಾತ್ರಕ್ಕೆ ಗಿಡ ಗುರುತಾಗುವುದಿಲ್ಲ. ಅದಕ್ಕೆ ಗೊತ್ತಿರುವ ಗಿಡಗಳ ಎಲೆ, ಕಾಂಡ, ಹೊಟ್ಟುಗಳಿಂದ ಬೇರೆಬೇರೆಯಾಗಿ ತೆಗೆದ ಕಣಗಳ ಹೋಲಿಕೆ ಸಂಗ್ರಹ ಬೇಕು.

ನವಶಿಲಾಯುಗದ ಇನ್ನೊಂದು ನೆಲೆಯಾದ ಹಳ್ಳೂರಿನಲ್ಲಿ ರಾಗಿಯೆಂದು ಒಮ್ಮೆ ಹೇಳಲಾದ ಕಾಳಿನ ಗುರುತನ್ನೇ ಅನಂತರದವರು ಪ್ರಶ್ನಿಸಿದರು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಮುಖ್ಯವಾಗಿ ದೊರೆತದ್ದು ಕೊರಲೆ, ಹುರುಳಿ, ಹೆಸರು. ಆದ್ದರಿಂದ ಮೈಸೂರು, ಮಂಡ್ಯ ಸೀಮೆಯ ಸಂಗ್ರಹದಲ್ಲಿ ರಾಗಿಯ ಜೊತೆಗೆ ಕೊರಲೆ, ಗರಿಕೆ, ಹೊಲದ ಕಳೆಗಳೂ ಇರಬೇಕು. ಇಂದಿನ ರಾಗಿಯೊಂದನ್ನೇ ನೆಚ್ಚುವಂತೆಯೂ ಇಲ್ಲ: ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ರಾಗಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ತಳಿಗಳಲ್ಲಿ ಆಫ್ರಿಕದ ರಾಗಿಯ ಅಂಶವೂ ಇರುವುದರಿಂದ, ಅವುಗಳ ಪಕ್ಕದಲ್ಲಿ ಹಳೆಯ ನಾಟಿ ತಳಿಗಳ ಕಣಗಳನ್ನೂ ಇಟ್ಟು ಅಳೆಯಬೇಕಾಗುತ್ತದೆ.